ಹಳ್ಳಿಯ ಜನಸಂಖ್ಯೆಯೂ ಹಾದಿಯೂ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನ ದಡದಲ್ಲಿ ಹೊಳೆಬಾಗಿಲು ಎಂಬ ಸ್ಥಳವಿದೆ. ಅಲ್ಲಿ ನಿಂತು ನೋಡಿದರೆ ಎದುರು ದಡದ ಕಾಡು ಬರಿಗಣ್ಣಿಗೇ ಕಾಣುತ್ತದೆ. ಆ ದಡದ ಆಚೆಗೆ ತುಮರಿ, ಸಿಗಂದೂರು ಮೊದಲಾದ ಊರುಗಳಿವೆ. 2025ರ ಜುಲೈ ತಿಂಗಳವರೆಗೆ ಈ ಊರುಗಳವರು ಸಾಗರ ಪೇಟೆಗೆ ಬರಬೇಕಾದರೆ ಎರಡೇ ಮಾರ್ಗಗಳಿದ್ದುವು. ಒಂದು, ಲಾಂಚನ್ನು ಹತ್ತಿ ನೀರನ್ನು ದಾಟುವುದು. ಇನ್ನೊಂದು, ನೆಲದ ಮೇಲೆ ಸುಮಾರು 80 ಕಿಲೋಮೀಟರುಗಳ ಬಳಸುದಾರಿಯನ್ನು ಹಿಡಿಯುವುದು.

ಹಾಗಾದರೆ ಸಾಗರಕ್ಕೂ ತುಮರಿಗೂ ಇದ್ದ ದೂರವೆಷ್ಟು? ನಕ್ಷೆಯ ಮೇಲೆ ಅಳತೆಪಟ್ಟಿಯನ್ನಿಟ್ಟು ನೋಡುವವನಿಗೆ ಒಂದು ದೂರ. ಲಾರಿಯಲ್ಲಿ ಅಡಕೆಯ ಮೂಟೆಗಳನ್ನು ಸಾಗಿಸುವವನಿಗೆ ಇನ್ನೊಂದು ದೂರ. ರಾತ್ರಿ ಲಾಂಚು ನಿಂತ ಮೇಲೆ ಹೆರಿಗೆಯ ನೋವು ಕಾಣಿಸಿಕೊಂಡ ಮನೆಯವರಿಗೆ ಮತ್ತೊಂದು ದೂರ. ಭೌತಶಾಸ್ತ್ರದ ಪಾಠದಲ್ಲಿ ನಾವು ದೂರವೆಂಬುದನ್ನು ಸರಳವಾದ ಒಂದು ರಾಶಿಯೆಂದು ಕಲಿಯುತ್ತೇವೆ. ಜನಜೀವನದಲ್ಲಿ ಅದು ಅಷ್ಟು ಸರಳವಲ್ಲ. ಒಂದು ಹಳ್ಳಿಯ ಜನಸಂಖ್ಯೆಗೂ ಅದಕ್ಕೊದಗುವ ಹಾದಿಗೂ ಏನು ಸಂಬಂಧ, ಆ ಸಂಬಂಧವನ್ನು ಅಳೆಯಲು ಸಾಧ್ಯವೆ, ಅಳೆಯುವಾಗ ನಾವು ಎಲ್ಲಿ ತಪ್ಪುತ್ತೇವೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ತಲೆಯೆಣಿಕೆ

ಮೊದಲು ಜನಸಂಖ್ಯೆಯನ್ನು ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ಮೊದಲ ಜನಗಣತಿ 1872ರ ಸುಮಾರಿಗೆ ನಡೆಯಿತು. ದೇಶದ ಎಲ್ಲ ಭಾಗಗಳಲ್ಲಿಯೂ ಏಕಕಾಲಕ್ಕೆ ಎಣಿಕೆ ನಡೆದದ್ದು 1881ರಲ್ಲಿ. ಅಂದಿನಿಂದ 2011ರವರೆಗೆ ಹತ್ತು ವರ್ಷಗಳಿಗೊಮ್ಮೆ ತಪ್ಪದೆ ಈ ಕಾರ್ಯ ನಡೆದುಕೊಂಡು ಬಂದಿತು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದಕ್ಕೆ ಹೋಯಿತು. ಮುಂದಿನ ಗಣತಿಗೆ 2027ರ ಮಾರ್ಚ್ 1ನೆಯ ದಿನಾಂಕವನ್ನು ಆಧಾರವಾಗಿ ಗೊತ್ತುಪಡಿಸಲಾಗಿದೆ.

2011ರ ಗಣತಿಯಂತೆ ಭಾರತದ ಜನಸಂಖ್ಯೆ ಸುಮಾರು 121 ಕೋಟಿ. ಅವರಲ್ಲಿ 83 ಕೋಟಿಗೂ ಮಿಕ್ಕಿದ ಜನ, ಎಂದರೆ ಶೇಕಡ 69ರಷ್ಟು ಮಂದಿ, ಗ್ರಾಮವಾಸಿಗಳು. ಇವರು ನೆಲಸಿರುವ ಹಳ್ಳಿಗಳು ಸುಮಾರು ಆರು ಲಕ್ಷ. ಭಾಗಿಸಿ ನೋಡಿದರೆ ಸರಾಸರಿ ಹಳ್ಳಿಯೊಂದಕ್ಕೆ 1,400 ಜನ ಬರುತ್ತಾರೆ. ಆದರೆ ಸರಾಸರಿಯನ್ನು ಕಂಡು ಮೋಸಹೋಗಬಾರದು. ಬಯಲುಸೀಮೆಯಲ್ಲಿ ಐದು ಸಾವಿರ ಜನ ಒತ್ತಾಗಿ ವಾಸಿಸುವ ಊರೂ ಹಳ್ಳಿಯೇ. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆಯಂತೆ ಚದರಿಹೋದ ಇನ್ನೂರು ಜನರ ಊರೂ ಹಳ್ಳಿಯೇ. ಸಂಖ್ಯೆಯು ಎಷ್ಟು ಜನರಿದ್ದಾರೆಂಬುದನ್ನು ಹೇಳುತ್ತದೆ. ಅವರು ಹೇಗೆ ಹರಡಿಕೊಂಡಿದ್ದಾರೆಂಬುದನ್ನು ಹೇಳುವುದಿಲ್ಲ. ರಸ್ತೆಯ ಮಟ್ಟಿಗೆ ಈ ಎರಡನೆಯ ವಿಷಯವೇ ಮುಖ್ಯವಾದುದೆಂಬುದು ಮುಂದೆ ತಿಳಿದುಬರುತ್ತದೆ.

ಊರುಗಳ ಆಕರ್ಷಣೆ

ವಿಶ್ವದ ಯಾವುವೇ ಎರಡು ವಸ್ತುಗಳ ನಡುವೆ ಆಕರ್ಷಣೆಯಿದೆಯೆಂದೂ, ಅದು ಅವುಗಳ ದ್ರವ್ಯರಾಶಿಗಳ ಗುಣಲಬ್ಧಕ್ಕೆ ಅನುಗುಣವಾಗಿಯೂ ದೂರದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆಯೆಂದೂ ನ್ಯೂಟನ್ ತೋರಿಸಿದನಷ್ಟೆ. ಊರುಗಳ ನಡುವಣ ಸಂಚಾರದಲ್ಲಿಯೂ ಇಂಥದೇ ಒಂದು ಕ್ರಮವುಂಟೆಂದು ಹಲವರು ಗಮನಿಸಿದ್ದಾರೆ. 1885ರಲ್ಲಿ ರಾವೆನ್‌ಸ್ಟೈನ್ ಎಂಬ ಭೂಗೋಳಜ್ಞನು ಜನರ ವಲಸೆಯನ್ನು ಕುರಿತು ಬರೆಯುತ್ತ, ಬಹುಮಂದಿ ವಲಸಿಗರು ಸಮೀಪದ ಸ್ಥಳಗಳಿಗೇ ಹೋಗುತ್ತಾರೆಂಬುದನ್ನು ಎತ್ತಿ ತೋರಿಸಿದನು. 1940ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಖಗೋಳಭೌತವಿಜ್ಞಾನಿ ಜಾನ್ ಸ್ಟೂಅರ್ಟ್ ಹಾಗೂ ಹಾರ್ವರ್ಡಿನ ಜಾರ್ಜ್ ಜಿಪ್ಫ್ ಇದಕ್ಕೆ ಗಣಿತದ ರೂಪವನ್ನು ಕೊಟ್ಟರು. ಅದನ್ನು ಹೀಗೆ ಬರೆಯಬಹುದು:

ಸ = ಕ × ಹ × ನ ÷ ದ

ಇಲ್ಲಿ 'ಸ' ಎಂದರೆ ಸಂಚಾರ, 'ಹ' ಹಳ್ಳಿಯ ಜನಸಂಖ್ಯೆ, 'ನ' ನಗರದ ಜನಸಂಖ್ಯೆ, 'ದ' ಅವುಗಳ ನಡುವಣ ದೂರ, 'ಕ' ಒಂದು ಸ್ಥಿರಾಂಕ. ಕೆಲವು ಬಗೆಯ ಸಂಚಾರಕ್ಕೆ ದೂರದ ಬದಲು ದೂರದ ವರ್ಗವನ್ನು ಬಳಸಿದರೆ ಲೆಕ್ಕ ಹೆಚ್ಚು ಸರಿಹೊಂದುತ್ತದೆ. ಇದು ನ್ಯೂಟನ್ನನ ನಿಯಮದಂತೆ ನಿಸರ್ಗದ ಕಟ್ಟಳೆಯಲ್ಲ; ಅನುಭವದಿಂದ ದೊರೆತ ಸ್ಥೂಲವಾದ ಒಂದು ಸೂತ್ರ. ಆದರೂ ಅದರ ತಿರುಳು ಸ್ಪಷ್ಟವಾಗಿದೆ. ಹಳ್ಳಿಯ ಜನಸಂಖ್ಯೆ ಐದು ಪಟ್ಟಾದರೆ ಪೇಟೆಯೊಡನೆ ಅದರ ಸಂಚಾರವೂ ಸುಮಾರಾಗಿ ಐದು ಪಟ್ಟಾಗುತ್ತದೆ; ದೂರ ಅರ್ಧವಾದರೆ ಸಂಚಾರ ಎರಡರಿಂದ ನಾಲ್ಕು ಪಟ್ಟಾಗುತ್ತದೆ.

ಈ ಸೂತ್ರವನ್ನು ಬಳಸುವಾಗ ಒಂದು ಎಚ್ಚರಿಕೆ ಅವಶ್ಯಕ. ಅದು ನಡೆಯುತ್ತಿರುವ ಸಂಚಾರವನ್ನು ವರ್ಣಿಸುತ್ತದೆಯೇ ಹೊರತು ನಡೆಯಬೇಕಾಗಿದ್ದ ಸಂಚಾರವನ್ನಲ್ಲ. ಹಳ್ಳಿಯಿಂದ ಪೇಟೆಗೆ ಹೋಗುವವರು ಕಡಿಮೆಯಿದ್ದರೆ ಅವರಿಗೆ ಪೇಟೆಯಲ್ಲಿ ಕೆಲಸವಿಲ್ಲವೆಂದು ಅರ್ಥವಲ್ಲ. ಹೋಗುವುದು ಕಷ್ಟವೆಂದು ಅರ್ಥವಾಗಿರಬಹುದು.

ಬಸ್ಸಿನ ವೇಗವೆಷ್ಟು?

ಈಗ ದೂರವನ್ನು ಅಳೆಯುವ ಪ್ರಶ್ನೆಗೆ ಬರೋಣ. ಒಂದು ಹಳ್ಳಿ ಪೇಟೆಯಿಂದ 20 ಕಿಲೋಮೀಟರು ದೂರದಲ್ಲಿದೆಯೆಂದೂ, ಬಸ್ಸು ಗಂಟೆಗೆ 25 ಕಿಲೋಮೀಟರುಗಳ ವೇಗದಲ್ಲಿ ಹೋಗುತ್ತದೆಯೆಂದೂ ಇಟ್ಟುಕೊಳ್ಳೋಣ. ಪ್ರಯಾಣದ ಕಾಲ 48 ನಿಮಿಷ. ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಬಸ್ಸಿಗಾಗಿ ಕಾಯುವ ಕಾಲವನ್ನೂ ಕೂಡಿಸಬೇಕು. ಅಗತ್ಯವು ಯಾವ ಗಳಿಗೆಯಲ್ಲಿ ಬೇಕಾದರೂ ಒದಗಬಹುದಾದ್ದರಿಂದ, ಎರಡು ಬಸ್ಸುಗಳ ನಡುವಣ ಅಂತರದ ಅರ್ಧವನ್ನು ಸರಾಸರಿ ಕಾಯುವ ಕಾಲವೆಂದು ತೆಗೆದುಕೊಳ್ಳಬಹುದು.

ಮೂರು ಗಂಟೆಗೊಂದು ಬಸ್ಸಿದ್ದರೆ ಕಾಯುವ ಕಾಲ ಸರಾಸರಿ ಒಂದೂವರೆ ಗಂಟೆ. ಒಟ್ಟು 2 ಗಂಟೆ 18 ನಿಮಿಷ. 20 ಕಿಲೋಮೀಟರುಗಳನ್ನು ಈ ಕಾಲದಿಂದ ಭಾಗಿಸಿದರೆ ವೇಗ ಗಂಟೆಗೆ ಸುಮಾರು 8.7 ಕಿಲೋಮೀಟರು. ಇದು ಸಾಧಾರಣವಾಗಿ ಸೈಕಲ್ ತುಳಿಯುವವನ ವೇಗಕ್ಕಿಂತಲೂ ಕಡಿಮೆ. ಆರು ಗಂಟೆಗೊಂದು ಬಸ್ಸಿದ್ದರೆ ಕಾಯುವ ಕಾಲ ಮೂರು ಗಂಟೆ. ಒಟ್ಟು 3 ಗಂಟೆ 48 ನಿಮಿಷ. ವೇಗ ಗಂಟೆಗೆ ಸುಮಾರು 5.3 ಕಿಲೋಮೀಟರು. ಇದು ಕಾಲ್ನಡಿಗೆಯ ವೇಗ! ದಿನಕ್ಕೆರಡೇ ಬಸ್ಸುಗಳಿರುವ ಊರಿನ ಜನ ಡಾಂಬರು ರಸ್ತೆಯ ಪಕ್ಕದಲ್ಲಿದ್ದರೂ, ತುರ್ತಿನ ಸಮಯದಲ್ಲಿ, ನಡೆದುಹೋಗುವ ಕಾಲದಲ್ಲಿದ್ದಂತೆಯೇ ಸರಿ.

ಹಳ್ಳಿಯವರಿಗೆ ಬಸ್ಸಿನ ಹೊತ್ತು ಗೊತ್ತಿರುತ್ತದೆ, ಅವರು ಮೂರು ಗಂಟೆ ಕಾಯುತ್ತ ಕೂಡುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸಂತೆಗೆ ಹೋಗುವವರ ಮಟ್ಟಿಗೆ ಈ ಮಾತು ನಿಜ. ಹಾವಿನ ಕಡಿತಕ್ಕೆ ಬಸ್ಸಿನ ಹೊತ್ತು ತಿಳಿಯದು. ಬೆಳಿಗ್ಗೆ ಏಳಕ್ಕೆ ಹೊರಟು, ಹನ್ನೊಂದಕ್ಕೆ ಕೆಲಸ ಮುಗಿಸಿ, ಸಂಜೆ ಐದರ ಬಸ್ಸಿಗಾಗಿ ಪೇಟೆಯಲ್ಲಿ ಅಲೆಯುವವನೂ ಕಾಯುತ್ತಲೇ ಇರುತ್ತಾನೆ. ಸ್ಥಳ ಮಾತ್ರ ಬೇರೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಇದರಿಂದ ರೂಪಾಯಿಯಲ್ಲಿ ಅಳೆಯುವ ದೂರ ಕುಗ್ಗಿತು. ಆದರೆ ಬಸ್ಸೇ ಬಾರದ ಊರಿನ ಹೆಂಗಸರಿಗೆ ಗಂಟೆಯಲ್ಲಿ ಅಳೆಯುವ ದೂರ ಇದ್ದಷ್ಟೇ ಉಳಿಯಿತು.

ತಿರುಗುವ ಚಕ್ರ

ಬಸ್ಸುಗಳು ಏಕೆ ಕಡಿಮೆ? ಇಲ್ಲಿ ಜನಸಂಖ್ಯೆ ಮತ್ತೆ ಲೆಕ್ಕಕ್ಕೆ ಬರುತ್ತದೆ. ಪ್ರತಿದಿನ ಇಪ್ಪತ್ತು ಮಂದಿಯಲ್ಲಿ ಒಬ್ಬರು ಪೇಟೆಗೆ ಹೋಗುತ್ತಾರೆಂದು ಉದಾಹರಣೆಗಾಗಿ ಊಹಿಸೋಣ. 3,000 ಜನರ ಊರಿನಿಂದ 150 ಪ್ರಯಾಣಿಕರು ಹೊರಡುತ್ತಾರೆ. ಮೂರು ಬಸ್ಸುಗಳು ತುಂಬುತ್ತವೆ. 400 ಜನರ ಊರಿನಿಂದ ಹೊರಡುವವರು 20 ಮಂದಿ. ಅರ್ಧ ಬಸ್ಸೂ ತುಂಬುವುದಿಲ್ಲ. ಸಹಜವಾಗಿಯೇ ಎರಡನೆಯ ಊರಿಗೆ ಬಸ್ಸಿನ ಸಂಖ್ಯೆ ಕಡಿಮೆಯಾಗುತ್ತದೆ. ಬಸ್ಸು ಕಡಿಮೆಯಾದುದರಿಂದ ಅನುಕೂಲವುಳ್ಳವರು ಮೋಟಾರು ಸೈಕಲ್ಲನ್ನು ಕೊಳ್ಳುತ್ತಾರೆ. ಇದ್ದ ಬಸ್ಸಿಗೂ ಜನ ಸಾಲದೆ ಅದು ನಿಲ್ಲುತ್ತದೆ. ಪ್ರೌಢಶಾಲೆಗೆ ಹೋಗಬೇಕಾದ ಮಕ್ಕಳಿಗಾಗಿ ಕೆಲವು ಕುಟುಂಬಗಳು ಪೇಟೆಯಲ್ಲಿ ಮನೆ ಹಿಡಿಯುತ್ತವೆ. 400 ಜನರ ಊರು 350 ಜನರ ಊರಾಗುತ್ತದೆ. ಅಲ್ಲಿಗೆ ಸಂಚಾರದ ಲೆಕ್ಕ ಮತ್ತಷ್ಟು ಇಳಿಯುತ್ತದೆ.

ಜನ ಕಡಿಮೆಯೆಂದು ಹಾದಿಯಿಲ್ಲ. ಹಾದಿಯಿಲ್ಲವೆಂದು ಜನ ಕಡಿಮೆ. ಇಂಥ ಚಕ್ರದಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಸುಲಭವಲ್ಲ. ಚಕ್ರವು ತನ್ನಷ್ಟಕ್ಕೆ ತಾನೇ ನಿಲ್ಲುವುದೂ ಇಲ್ಲ. ಹೊರಗಿನಿಂದ ಯಾರಾದರೂ ತಡೆಯಬೇಕು.

ಐನೂರರ ಗೆರೆ

ಈ ತಡೆಯುವ ಪ್ರಯತ್ನ ನಮ್ಮಲ್ಲಿ ಹಳೆಯದು. 1943ರಲ್ಲಿ ನಾಗಪುರದಲ್ಲಿ ಸೇರಿದ್ದ ಮುಖ್ಯ ಇಂಜಿನಿಯರುಗಳ ಸಮ್ಮೇಳನವು ಇಪ್ಪತ್ತು ವರ್ಷಗಳ ರಸ್ತೆ ಯೋಜನೆಯೊಂದನ್ನು ರೂಪಿಸಿತು. ಬೇಸಾಯದಲ್ಲಿ ಮುಂದುವರಿದ ಪ್ರದೇಶಗಳಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ಹೆಚ್ಚು ದೂರವಿರಬಾರದೆಂಬುದು ಅದರ ಗುರಿಗಳಲ್ಲೊಂದು. ಇಲ್ಲಿ ಅಳತೆಗೋಲು ದೂರವೆಂಬುದನ್ನು ವಾಚಕರು ಗಮನಿಸಬೇಕು. 1981ರಿಂದ 2001ರವರೆಗಿನ ಲಖನೌ ಯೋಜನೆಯ ಹೊತ್ತಿಗೆ ಅಳತೆಗೋಲು ಜನಸಂಖ್ಯೆಯ ಕಡೆಗೆ ತಿರುಗಿತು; 500ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ರಸ್ತೆಯನ್ನೊದಗಿಸಬೇಕೆಂದಾಯಿತು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಇದೇ ಗೆರೆಯನ್ನು ಹಿಡಿಯಿತು. ಬಯಲುನಾಡಿನಲ್ಲಿ 500, ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಲ್ಲಿ, ಮರುಭೂಮಿಯಲ್ಲಿ, ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ಜನವಸತಿಗಳಿಗೆ ಸರ್ವಋತು ರಸ್ತೆಯನ್ನು ಕೊಡುವುದು ಅದರ ಗುರಿ. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ಅದರ ನಾಲ್ಕನೆಯ ಹಂತದಲ್ಲಿ, 2011ರ ಗಣತಿಯನ್ನು ಆಧರಿಸಿ, ಸಂಪರ್ಕವಿಲ್ಲದ 25,000 ಜನವಸತಿಗಳಿಗೆ 62,500 ಕಿಲೋಮೀಟರು ರಸ್ತೆಯನ್ನು ಗೊತ್ತುಪಡಿಸಲಾಗಿದೆ.

ಈ ಯೋಜನೆಯ ಎರಡು ವ್ಯಾಖ್ಯೆಗಳು ವಿವೇಕದಿಂದ ಕೂಡಿವೆ. ಮೊದಲನೆಯದಾಗಿ, ಎಣಿಕೆಯ ಘಟಕ ಕಂದಾಯ ಗ್ರಾಮವಲ್ಲ, ಜನವಸತಿ. ಎಂದರೆ ಜನ ಒಟ್ಟಾಗಿ ನೆಲಸಿರುವ ಕೇರಿ, ಹಟ್ಟಿ, ಮಜರೆ. ಎರಡನೆಯದಾಗಿ, ಸರ್ವಋತು ರಸ್ತೆಯೆಂದರೆ ಡಾಂಬರು ಹಾಕಿದ ರಸ್ತೆಯೇ ಆಗಬೇಕೆಂದಿಲ್ಲ. ಮೋರಿ, ಕಿರುಸೇತುವೆಗಳ ಮೂಲಕ ನೀರು ಸರಾಗವಾಗಿ ಹರಿದುಹೋಗಿ, ಮಳೆಗಾಲದಲ್ಲಿಯೂ ಸಂಚಾರ ಸಾಧ್ಯವಾಗಬೇಕು. ರಸ್ತೆಯ ಶತ್ರು ನೀರು. ನೆನೆದ ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಕಣಗಳ ಪರಸ್ಪರ ಘರ್ಷಣೆ ತಗ್ಗಿ, ಮಣ್ಣು ಭಾರವನ್ನು ಹೊರಲಾರದೆ ಕುಸಿಯುತ್ತದೆ. ಒಂದು ಮೋರಿ ಕೊಚ್ಚಿಹೋದರೆ ಹತ್ತು ಕಿಲೋಮೀಟರು ಡಾಂಬರು ರಸ್ತೆಯೂ ನಿರುಪಯೋಗಿ.

ಆದರೆ 500ರ ಗೆರೆ ಮಲೆನಾಡಿನಲ್ಲಿ ಏನಾಗುತ್ತದೆ? ಬಯಲಿನಲ್ಲಿ 500 ಮೀಟರು ತ್ರಿಜ್ಯದ ವೃತ್ತದೊಳಗಿನ ಜನವಸತಿಗಳನ್ನು ಒಟ್ಟುಗೂಡಿಸಿ ಎಣಿಸಲು ನಿಯಮ ಅವಕಾಶ ಕೊಡುತ್ತದೆ. ಈ ವೃತ್ತದ ವಿಸ್ತೀರ್ಣ ಸುಮಾರು 0.785 ಚದರ ಕಿಲೋಮೀಟರು. ಅದರೊಳಗೆ 500 ಜನರಿರಬೇಕಾದರೆ ಚದರ ಕಿಲೋಮೀಟರಿಗೆ ಸುಮಾರು 637 ಜನರ ಸಾಂದ್ರತೆ ಬೇಕು. 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಂದ್ರತೆ, ಪೇಟೆಗಳನ್ನೂ ಸೇರಿಸಿ, ಚದರ ಕಿಲೋಮೀಟರಿಗೆ 207. ಜನ ಸಮನಾಗಿ ಚದರಿಕೊಂಡಿದ್ದರೆ ಅಂಥ ಒಂದು ವೃತ್ತದೊಳಗೆ ಸಿಕ್ಕುವವರು 162 ಮಂದಿ. ಬಯಲಿನ ಊರಿನಲ್ಲಿ ಮನೆಗಳು ಗುಂಪಾಗಿರುವುದರಿಂದ ಅಲ್ಲಿನ ಊರು ಗೆರೆಯನ್ನು ದಾಟುತ್ತದೆ. ಮಲೆನಾಡಿನಲ್ಲಿ ತೋಟಕ್ಕೊಂದು ಮನೆಯಿರುವುದರಿಂದ ಅಷ್ಟೇ ಜನರಿದ್ದರೂ ಊರು ಗೆರೆಯ ಕೆಳಗೆ ಉಳಿಯುತ್ತದೆ. ಕರ್ನಾಟಕವು 250ರ ರಿಯಾಯಿತಿಯುಳ್ಳ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಆದುದರಿಂದ ಪಶ್ಚಿಮ ಘಟ್ಟದ ಈ ಊರುಗಳಿಗೂ ಬಯಲಿನ ಗೆರೆಯೇ ಅಳತೆ. ಎಣಿಕೆಯಲ್ಲಿ ತಪ್ಪಿಲ್ಲ; ಆರಿಸಿಕೊಂಡ ಅಳತೆಗೋಲು ನೆಲಕ್ಕೆ ಹೊಂದುವುದಿಲ್ಲ.

ಗೆರೆ ಒದಗಿಸಿದ ಪ್ರಯೋಗ

ಹೀಗಿದ್ದರೂ ಈ ಗೆರೆಯಿಂದ ವಿಜ್ಞಾನಕ್ಕೆ ಒಂದು ಉಪಕಾರವಾಯಿತು. ಕಾರಣ ಪರಿಣಾಮಗಳನ್ನು ಬೇರ್ಪಡಿಸಲು ಪ್ರಯೋಗಶಾಲೆಯಲ್ಲಿ ನಾವು ಒಂದೊಂದೇ ಅಂಶವನ್ನು ಬದಲಾಯಿಸಿ ನೋಡುತ್ತೇವೆ. ಹಳ್ಳಿಗಳ ಮೇಲೆ ಹಾಗೆ ಪ್ರಯೋಗ ಮಾಡಲಾಗದು. ಆದರೆ 490 ಜನರ ಹಳ್ಳಿಗೂ 510 ಜನರ ಹಳ್ಳಿಗೂ ಬೇರೆ ಯಾವ ವಿಷಯದಲ್ಲಿ ಹೆಚ್ಚಿನ ಭೇದವಿದೆ? ಮಣ್ಣು, ಮಳೆ, ಬೆಳೆ, ಶಾಲೆ ಎಲ್ಲವೂ ಸುಮಾರಾಗಿ ಒಂದೇ. ರಸ್ತೆ ದೊರೆಯುವ ಸಂಭವ ಮಾತ್ರ ಎರಡನೆಯದಕ್ಕೆ ಹೆಚ್ಚು. ಇಂಥ ಅನೇಕ ಹಳ್ಳಿಗಳನ್ನು ಹೋಲಿಸಿದರೆ ರಸ್ತೆಯ ಪರಿಣಾಮವನ್ನು ಪ್ರತ್ಯೇಕಿಸಬಹುದು.

ಅರ್ಥಶಾಸ್ತ್ರಜ್ಞರಾದ ಸ್ಯಾಮ್ ಆಷರ್ ಮತ್ತು ಪಾಲ್ ನೊವೊಸಾಡ್ ಎಂಬವರು ಇದೇ ಯುಕ್ತಿಯಿಂದ ಭಾರತದ ಹಳ್ಳಿಗಳನ್ನು ಪರಿಶೀಲಿಸಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರಸ್ತೆ ಬಂದ ಹಳ್ಳಿಗಳಲ್ಲಿ ಬೇಸಾಯವನ್ನು ಬಿಟ್ಟು ಬೇರೆ ಕೂಲಿಕೆಲಸಗಳಿಗೆ ಹೋಗುವವರ ಸಂಖ್ಯೆ ಏರಿತ್ತು. ಆದರೆ ಬೆಳೆಯಲ್ಲಾಗಲಿ, ಆದಾಯದಲ್ಲಾಗಲಿ, ಆಸ್ತಿಯಲ್ಲಾಗಲಿ ದೊಡ್ಡ ಬದಲಾವಣೆ ಕಂಡುಬರಲಿಲ್ಲ. ಇದೇ ಲೇಖಕರು ಇನ್ನೊಬ್ಬರೊಡಗೂಡಿ ನಡೆಸಿದ ಮತ್ತೊಂದು ಪರಿಶೀಲನೆಯಲ್ಲಿ ಮಾಧ್ಯಮಿಕ ತರಗತಿಗಳಿಗೆ ಸೇರುವ ಮಕ್ಕಳ ಸಂಖ್ಯೆ ಹೆಚ್ಚಿದುದು ತಿಳಿದುಬಂದಿತು.

ಈ ಫಲಿತಾಂಶದಿಂದ ನಾವು ಕಲಿಯಬೇಕಾದುದು ಎರಡು ವಿಷಯಗಳನ್ನು. ರಸ್ತೆ ಬಂದೊಡನೆ ಹಳ್ಳಿಯಲ್ಲಿ ಸಿರಿ ಹರಿಯುತ್ತದೆಂಬುದು ಅತಿಶಯದ ಮಾತು. ಅದರೊಡನೆಯೇ, ರಸ್ತೆ ಜನರಿಗೆ ಆಯ್ಕೆಯನ್ನು ಕೊಡುತ್ತದೆ ಎಂಬುದು ನಿಜ. ಬೆಳಿಗ್ಗೆ ಹೊರಟು ದುಡಿದು ಸಂಜೆ ಮನೆಗೆ ಮರಳಬಲ್ಲವನು ಊರನ್ನು ಬಿಡಬೇಕಾಗಿಲ್ಲ; ಮರಳಲಾರದವನು ಬಿಡಲೇಬೇಕು.

ಮತ್ತೆ ಹಿನ್ನೀರಿಗೆ

ಇನ್ನು ಶರಾವತಿಯ ದಡಕ್ಕೆ ಹಿಂದಿರುಗೋಣ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಇಲ್ಲಿ ಮೊದಲು ನೀರನ್ನು ನಿಲ್ಲಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹಿರೇಭಾಸ್ಕರವೂ ಮುಳುಗಿ, ನೀರಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿಗೆ ಏರಿತು. ಈ ನೀರಿನ ಬಲದಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಾಡಿನ ಕಾರ್ಖಾನೆಗಳಿಗೂ ಮನೆಗಳಿಗೂ ಬೆಳಕು ಬಂದಿತು. ಆ ಬೆಳಕಿಗಾಗಿ ನೆಲವನ್ನು ಕಳೆದುಕೊಂಡ ಪ್ರದೇಶದಲ್ಲಿಯೇ, ಉಳಿದ ಊರುಗಳ ಹಾದಿಗೆ ಅಗಲವಾದ ಜಲರಾಶಿ ಅಡ್ಡವಾಯಿತು. ಮುಂದಿನ ಆರು ದಶಕಗಳ ಕಾಲ ಲಾಂಚೇ ಅವರ ಸೇತುವೆ. ಸಂಜೆಯ ಬಳಿಕ ಅದು ಇಲ್ಲ. ಬೇಸಿಗೆಯ ಕೊನೆಯಲ್ಲಿ ನೀರು ತೀರ ಇಳಿದಾಗ ಅದು ವಾಹನಗಳನ್ನು ಹೊರುವುದನ್ನು ನಿಲ್ಲಿಸಿದ್ದೂ ಉಂಟು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ನೆಲದ ಮೇಲಿನ 80 ಕಿಲೋಮೀಟರುಗಳ ದಾರಿ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಸೂತ್ರದಂತೆ ಸಂಚಾರವು ಎರಡರಿಂದ ನಾಲ್ಕು ಪಟ್ಟಾಗಬೇಕು. ಆದರೆ ಇಲ್ಲಿ ಸೂತ್ರಕ್ಕೆ ನಿಲುಕದ ಒಂದು ಬದಲಾವಣೆಯೂ ಆಗಿದೆ. ಮೊದಲು ರಾತ್ರಿಯ ಹೊತ್ತಿನ ದೂರ ಒಂದು, ಹಗಲಿನ ದೂರ ಇನ್ನೊಂದು. ಮಳೆಗಾಲದ ದೂರ ಒಂದು, ಬೇಸಿಗೆಯ ದೂರ ಇನ್ನೊಂದು. ಈಗ ಎಲ್ಲ ಹೊತ್ತಿನಲ್ಲಿಯೂ ದೂರ ಒಂದೇ. ರೋಗಿಯನ್ನು ಹೊತ್ತ ವಾಹನಕ್ಕೆ ಈ ಗುಣದ ಬೆಲೆ ಕಿಲೋಮೀಟರುಗಳ ಉಳಿತಾಯಕ್ಕಿಂತಲೂ ಹೆಚ್ಚು.

ಹಿನ್ನೀರಿನಾಚೆಯ ಹಳ್ಳಿಗಳ ತಲೆಯೆಣಿಕೆಯೊಂದನ್ನೇ ಹಿಡಿದು ಕುಳಿತಿದ್ದರೆ ಇಷ್ಟು ದೊಡ್ಡ ಸೇತುವೆಯ ಲೆಕ್ಕ ಕೂಡುತ್ತಿರಲಿಲ್ಲ. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ದೂರದಿಂದ ಬರುವ ಯಾತ್ರಿಕರು ಅಲ್ಲಿನ ಸಂಚಾರವನ್ನು ಹೆಚ್ಚಿಸಿದ್ದರು. ಯಾತ್ರಾಸ್ಥಳವಿಲ್ಲದ ಊರುಗಳು ನಮ್ಮಲ್ಲಿ ಎಷ್ಟೋ ಇವೆ. ಅವುಗಳ ಲೆಕ್ಕವನ್ನು ಯಾವ ಅಳತೆಗೋಲಿನಿಂದ ಮಾಡಬೇಕು? ಎಷ್ಟು ಜನರಿದ್ದಾರೆಂಬುದರ ಜೊತೆಗೆ, ಹತ್ತಿರದ ಆಸ್ಪತ್ರೆಗೆ ಎಷ್ಟು ಗಂಟೆ, ವರ್ಷದಲ್ಲಿ ಎಷ್ಟು ದಿನ ದಾರಿ ಕಡಿದಿರುತ್ತದೆ, ಹಳ್ಳಿಯ ಮಗುವು ಪ್ರೌಢಶಾಲೆಗೆ ದಿನಕ್ಕೆಷ್ಟು ಹೊತ್ತು ನಡೆಯಬೇಕು ಎಂಬ ಸಂಖ್ಯೆಗಳನ್ನೂ ಸೇರಿಸಿದಾಗಲೇ ಆ ಲೆಕ್ಕ ನ್ಯಾಯವಾದ ಲೆಕ್ಕವಾಗುತ್ತದೆ.

ಈ ಕೆಲಸವನ್ನು ವಿದ್ಯಾರ್ಥಿಗಳು ತಾವೇ ಪ್ರಾರಂಭಿಸಬಹುದು. ಒಂದು ಗಡಿಯಾರ, ಒಂದು ನೋಟ್ ಪುಸ್ತಕ ಇದ್ದರೆ ಸಾಕು. ತಮ್ಮ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಹೋಗಿಬರಲು ತಗಲುವ ಕಾಲವನ್ನು, ಕಾಯುವ ಹೊತ್ತನ್ನೂ ಸೇರಿಸಿ, ಒಂದು ತಿಂಗಳು ಬರೆದಿಡಲಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ. ದೂರವನ್ನು ಆ ಕಾಲದಿಂದ ಭಾಗಿಸಿ ತಮ್ಮ ಊರಿನ ನಿಜವಾದ ವೇಗವನ್ನು ಕಂಡುಕೊಳ್ಳಲಿ. ಗ್ರಾಮಸಭೆಯಲ್ಲಿ ರಸ್ತೆಯ ಮಾತು ಬಂದಾಗ ಆ ಪುಸ್ತಕವನ್ನು ಮುಂದಿಡಲಿ. ಹತ್ತು ವರ್ಷಕ್ಕೊಮ್ಮೆ ಸರ್ಕಾರವು ಊರಿನ ತಲೆಗಳನ್ನು ಎಣಿಸುತ್ತದೆ. ಆ ತಲೆಗಳು ದಾರಿಯಲ್ಲಿ ಕಳೆಯುವ ಗಂಟೆಗಳನ್ನು ಊರಿನವರೇ ಎಣಿಸಬೇಕಾಗಿದೆ.